ಎರಡನೇ ಭಾಗದಾಗ ಹಾವು ಬಂತು

ಶ್ರಾವಣದ ಶನಿವಾರ ಕದರಮಂಡಲಗಿಯ ಬಸ್ಸಿನಲ್ಲಿ ಒಂದು ಕಾಲೂರಲು ಜಾಗ ಸಿಕ್ಕರೆ ಅದೇ ದೊಡ್ಡದು. ಬ್ಯಾಡಗಿಯಿಂದ ಬಂದದ್ದೂ ಅಷ್ಟೇ, ರಾಣೆಬೆನ್ನೂರಿನಿಂದ ಬಂದದ್ದೂ ಅಷ್ಟೇ. ಬಾಗಿಲಿಗೆ ಜೋತುಬಿದ್ದ ಹುಡುಗರು ಮೊದಲು ಜಿಗಿಯುತ್ತಾರೆ. ಅವರ ಹಿಂದೆ ಕಾಯಿ-ಕರ್ಪೂರದ ಚೀಲ, ಬುತ್ತಿಗಂಟು, ಕಂಕುಳಲ್ಲಿ ನಿದ್ದೆಗಣ್ಣಿನ ಕೂಸು. ಕಟ್ಟಕಡೆಗೆ ಮೊಣಕಾಲು ಒತ್ತಿಕೊಳ್ಳುತ್ತ ‘ಯಪ್ಪಾ ಹನುಮಪ್ಪಾ’ ಎಂದು ಇಳಿಯುವ ಅಜ್ಜಿಯರು. ಗುಡಿಯ ಮುಂದಿನ ಕಲ್ಲು ಒಡೆದ ಕಾಯಿಯ ನೀರಿಗೆ ಜಾರುತ್ತಿರುತ್ತದೆ. ಎಣ್ಣೆ, ತುಳಸಿ, ಊದಿನಕಡ್ಡಿ, ಮಳೆಗೆ ತೊಯ್ದ ಸೀರೆ, ಎಲ್ಲದರ ವಾಸನೆ ಒಟ್ಟಿಗೇ ಮೂಗಿಗೆ ಬಡಿಯುತ್ತದೆ.

ಇಲ್ಲಿಯ ಆಂಜನೇಯನಿಗೆ ಕಾಂತೇಶನೆಂದು ಹೆಸರು. ಶಿಕಾರಿಪುರದಲ್ಲಿರುವವನು ಭ್ರಾಂತೇಶ, ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿರುವವನು ಶಾಂತೇಶ. ಮೂವರನ್ನೂ ಒಂದೇ ದಿನ, ಹೊತ್ತು ಮುಳುಗುವುದರೊಳಗೆ ಕಂಡುಬಂದರೆ ಕಾಶಿಗೆ ಹೋಗಿಬಂದ ಫಲ ಎಂಬುದು ಈ ಕಡೆಯ ನಂಬಿಕೆ. ಕಾಂತೇಶನ ಕಣ್ಣುಗಳು ಸೂರ್ಯ ಸಾಲಿಗ್ರಾಮದವು ಎನ್ನುತ್ತಾರೆ. ಗಾಳಿ ಸೋಕಿದವರನ್ನು, ರಾತ್ರಿ ಬೆಚ್ಚಿಬೀಳುವ ಮಕ್ಕಳನ್ನು ಹನುಮಪ್ಪನ ಮುಂದೆ ತಂದು ನಿಲ್ಲಿಸುವುದು ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಹೀಗೆ ಅಂಜಿಕೆ ಬಿಡಿಸಿಕೊಳ್ಳಲು ಬರುವ ಊರಿನಲ್ಲಿ ಕೂತು, ದುಡ್ಡು ಕೊಟ್ಟು ಅಂಜಿಸಿಕೊಂಡು ಬಂದ ಸಿನಿಮಾಗಳ ಪಂಚಾಯಿತಿ ಮಾಡುವವರೂ ಇದ್ದಾರೆ.

ಆ ಪಂಚಾಯಿತಿ ನಡೆಯುವುದು ಗುಡಿಯಿಂದ ತುಸು ಆಚೆ, ತಗಡಿನ ಮಾಡಿನ ಒಂದು ಚಹಾದ ಅಂಗಡಿಯಲ್ಲಿ. ಕಡಾಯಿಯ ಮುಂದೆ ಕೂತ ಕಾಕಾ ಒಂದೊಂದೇ ಹಸಿಮೆಣಸಿನಕಾಯಿಯನ್ನು ತೊಟ್ಟು ಹಿಡಿದು ಎತ್ತುತ್ತಾನೆ. ಹೆಬ್ಬೆರಳಿನ ಉಗುರಿನಿಂದ ಅದರ ಬೆನ್ನು ಸೀಳಿ, ಅಜವಾನ-ಉಪ್ಪನ್ನು ಒಳಗೆ ಸವರಿ, ಕಡ್ಲಿಹಿಟ್ಟಿನಲ್ಲಿ ಒಮ್ಮೆ ಅದ್ದಿ, ಬೋಗುಣಿಯ ಅಂಚಿಗೆ ಒರೆಸಿ ಎಣ್ಣೆಗೆ ಬಿಡುತ್ತಾನೆ. ಕಣ್ಣು ಮಾತ್ರ ಕಡಾಯಿಯ ಮೇಲಿಲ್ಲ, ಎದುರಿನ ಬೆಂಚಿನ ಮೇಲಿದೆ. (ಊರೂರಿಗೆಲ್ಲ ಬ್ಯಾಡಗಿ ಮೆಣಸಿನಕಾಯಿ ಕಳಿಸುವ ತಾಲ್ಲೂಕಿನಲ್ಲಿ ಬಜ್ಜಿಗೆ ಮಾತ್ರ ಬೇರೆಯೇ ಕಾಯಿ. ಅದನ್ನು ಕೇಳಿದರೆ ಕಾಕಾ ನಗುತ್ತಾನೆ: ‘ಅದು ಒಣಗಿಸಾಕ ಹುಟ್ಟಿದ್ದರೀ.’) ಬೆಂಚಿನ ಮೇಲೆ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ, ಕೈಯಲ್ಲಿ ಮೊಬೈಲು. ಅವನ ಹೆಗಲ ಮೇಲಿಂದ ಇಣುಕುತ್ತಿರುವ ತಲೆಗಳು ನಾಲ್ಕೈದು. ಗುಡಿಯ ಮೈಕಿನಿಂದ ಹನುಮಂತನ ಸ್ತೋತ್ರ, ಮೊಬೈಲಿನಿಂದ ‘ಹೌಲ ಹೌಲ’.

ಇಷ್ಟು ಕೇಳಿದರೆ ಸಾಕು, ಕರ್ನಾಟಕದಲ್ಲಿ ಯಾವ ಸಿನಿಮಾ ಎಂದು ಯಾರೂ ಕೇಳುವುದಿಲ್ಲ. ‘ಆಪ್ತರಕ್ಷಕ’. ಪರದೆಯ ಮೇಲೆ ವಿಷ್ಣುವರ್ಧನ್ ಅವರ ವಿಜಯ ರಾಜೇಂದ್ರ ಬಹದ್ದೂರ್ ಕಣ್ಣರಳಿಸಿದ. ಆಮೇಲೆ ಬಂತು ಹಾವು.

‘ಅಲ್ಲೋ ತಮ್ಮಾ, ಇಂಥಾ ಹಾವು ಯಾವ ಹೊಲದಾಗ ಐತ್ಯೋ?’ ಎಂದು ನಕ್ಕರು ಕಂಬಳಿ ಹೊದ್ದ ಅಜ್ಜ.

‘ಅದು ಹೊಲದ್ದಲ್ಲ ಅಜ್ಜಾ, ಕಂಪ್ಯೂಟರಿಂದು.’

‘ಹಂಗಾರ ಕಂಪ್ಯೂಟರ್‌ಗೆ ಹೇಳು, ನಾಗರ ಇಷ್ಟು ಗದ್ಲ ಮಾಡಲ್ಲ ಅಂತ.’

ಅಜ್ಜನ ಮಾತಿಗೆ ಆಧಾರವಿದೆ. ಬಣವೆಯಿಂದ ಮೇವು ಹಿರಿಯುವಾಗ ಕೈಗೆ ತಣ್ಣಗೆ ಏನೋ ತಾಗಿ ಜರುಗಿದ್ದು, ಕೈ ಹಿಂದಕ್ಕೆ ಬಂದ ಮೇಲೂ ತೋಳಿನ ರೋಮ ಮಲಗದೆ ನಿಂತದ್ದು, ಆಮೇಲೆ ಇಡೀ ಬಣವೆ ಕೆದರಿ ನೋಡಿದರೂ ಏನೂ ಸಿಗದೆ ಹೋದದ್ದು, ಆ ರಾತ್ರಿ ಅಂಗಳದಲ್ಲಿ ಮಲಗದೆ ಪಡಸಾಲೆಯಲ್ಲಿ ಮಲಗಿದ್ದು, ಎಲ್ಲವನ್ನೂ ಅವರು ವಿವರವಾಗಿ ಹೇಳಿದರು. ಅವರ ಕಥೆಯಲ್ಲಿ ಹಾವು ಒಮ್ಮೆಯೂ ಕಾಣಿಸಿಕೊಳ್ಳಲಿಲ್ಲ. ಬೆಂಚಿನ ಹುಡುಗರು ಮೊಬೈಲು ನಿಲ್ಲಿಸಿ ಕೇಳಿದರು.

ಕದರಮಂಡಲಗಿಯ ಆ ಮಧ್ಯಾಹ್ನ ನನಗೆ ಕಂಡ ವಿಮರ್ಶೆಯ ತಿರುಳೂ ಇದೇ. ‘ಆಪ್ತರಕ್ಷಕ’ದ ಮೊದಲ ಭಾಗ ‘ಆಪ್ತಮಿತ್ರ’ ತೆರೆಗೆ ಬಂದದ್ದು 2004ರ ಆಗಸ್ಟ್ 27ಕ್ಕೆ. ಮಲಯಾಳದ ‘ಮಣಿಚಿತ್ರತ್ತಾಳ್’ (1993) ಕಥೆಯನ್ನು ಪಿ. ವಾಸು ಕನ್ನಡಕ್ಕೆ ತಂದರು, ದ್ವಾರಕೀಶ್ ದುಡ್ಡು ಹಾಕಿದರು. ಅದರಲ್ಲಿ ದೆವ್ವವೇ ಇರಲಿಲ್ಲ. ಇದ್ದದ್ದು ಒಂದು ಹಳೆಯ ಅರಮನೆ, ಬೀಗ ಹಾಕಿದ ಒಂದು ಕೋಣೆ, ತನ್ನನ್ನು ನಾಗವಲ್ಲಿಯೆಂದು ತಿಳಿದುಕೊಂಡ ಗಂಗಾ ಎಂಬ ಹೆಣ್ಣುಮಗಳ ಮನಸ್ಸು. ಮದ್ದು ಕೊಟ್ಟವನು ಮಂತ್ರವಾದಿಯಲ್ಲ, ಮನೋವೈದ್ಯ. ಆದರೂ ಗಂಗಾ ಕಣ್ಣು ತಿರುಗಿಸಿದಾಗ ಟಾಕೀಸಿನಲ್ಲಿ ಕೂತವರು ಪಕ್ಕದವರ ಕೈ ಹಿಡಿದರು. 2010ರ ಎರಡನೇ ಭಾಗಕ್ಕೆ ಹೆದರಿಸಲು ನಾಗವಲ್ಲಿಯ ಚಿತ್ರಪಟ ಬಂತು, ಸಾಯದೆ ಉಳಿದ ರಾಜ ಬಂದ, ಕಾಲಿಗೆ ತೊಡರುವಷ್ಟು ಉದ್ದದ ನಾಗರ ಬಂತು. ಜನ ನಕ್ಕರು. ನಗಿಸುವ ಪಾಲು ಕೋಮಲ್‌ ಅವರದ್ದಾಗಿತ್ತು, ಆದರೆ ಹಾವು ಅದರಲ್ಲಿ ಅರ್ಧ ಕಸಿದುಕೊಂಡಿತು.

ಅಂಗಡಿಗೆ ಚಹಾಕ್ಕೆ ಬಂದ ನಿವೃತ್ತ ಮಾಸ್ತರರು ಇದನ್ನು ಇನ್ನೂ ಚಿಕ್ಕದು ಮಾಡಿ ಹೇಳಿದರು: ‘ಅಂಜಸಾಕ ಮೈ ಬ್ಯಾಡ. ನಗಸಾಕ ಮೈ ಬೇಕು. ಎರಡನೇ ಭಾಗ ತಗಿಯೋರು ಮೈ ಕೊಟ್ಟು ಅಂಜಸಾಕ ಹೋಗ್ತಾರ.’ ಹೇಳಿ, ಬಸಿಯಲ್ಲಿ ಸುರಿದುಕೊಂಡ ಚಹಾ ಊದಿ ಕುಡಿದರು. ಎದುರು ಮಾತಿಲ್ಲ ಎಂದು ಅವರು ತಿಳಿದಂತಿತ್ತು. ಆದರೆ ಎದುರು ಮಾತು ಬಂತು, ಅದೂ ಅವರು ಎಣಿಸದ ಕಡೆಯಿಂದ.

ಬ್ಯಾಡಗಿಯಿಂದ ಬಂದ ಹೆಣ್ಣುಮಕ್ಕಳ ಗುಂಪೊಂದು ದರ್ಶನ ಮುಗಿಸಿ ನೆರಳಿಗೆ ಕೂತಿತ್ತು. ದಿನವಿಡೀ ಮೆಣಸಿನಕಾಯಿಯ ತುಂಬು ಬಿಡಿಸುವ ಕೈಗಳು. ಬೆರಳ ತುದಿ ಕೆಂಪಗೆ, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಬಣ್ಣ. ಮೂಗಿನ ತುದಿಗೆ ಕೈ ಹೋದರೆ ಸೀನು ಬರುತ್ತದೆಂದು ಅವರು ಮುಖ ಒರೆಸಿಕೊಳ್ಳುವುದೂ ಮೊಣಕೈಯಿಂದಲೇ. ಅವರಲ್ಲಿ ಹಿರಿಯಾಕೆ ಹೇಳಿದಳು:

‘ಮಾಸ್ತರ್ರ, ನೀವು ಯಾವಾಗ ನೋಡಿದ್ರಿ?’

‘ಟೀವಿಯಾಗ ನೋಡೇನಿ ಬಿಡವಾ, ಎಷ್ಟು ಸರ್ತಿ ಹಾಕ್ಯಾರ.’

‘ನಾವು ಬಂದ ವಾರದಾಗ ರಾಣೆಬೆನ್ನೂರಿಗೆ ಹೋಗಿ ನೋಡೇವ್ರಿ. ಅವತ್ತು ಯಾರೂ ಹಾವು ನೋಡಲಿಲ್ಲ. ಎಲ್ಲಾರೂ ಅತ್ತೀವಿ.’

ಬೆಂಚಿನ ಹುಡುಗ ನಗಲು ಹೋಗಿ ಸುಮ್ಮನಾದ. 2009ರ ಡಿಸೆಂಬರ್ 30ಕ್ಕೆ ವಿಷ್ಣುವರ್ಧನ್ ಮೈಸೂರಿನಲ್ಲಿ ತೀರಿಕೊಂಡಾಗ ಅವನಿಗೆ ಅಂಗನವಾಡಿಯ ವಯಸ್ಸು. ಸಿನಿಮಾ ಬಿಡುಗಡೆಯಾದದ್ದು 2010ರ ಫೆಬ್ರುವರಿ 19ಕ್ಕೆ. ಎರಡು ತಿಂಗಳೂ ತುಂಬಿರಲಿಲ್ಲ. ಫೆಬ್ರುವರಿ ಎಂದರೆ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ, ಪೇಟೆ ತುಂಬ ಕೆಂಪು ರಾಶಿ, ಉಸಿರಾಡಿದರೆ ಕೆಮ್ಮು. ಆ ಗದ್ದಲದಲ್ಲೂ ರಜೆ ಕೇಳಿ, ಕೂಲಿ ಬಿಟ್ಟು, ಟೆಂಪೋ ಮಾಡಿಕೊಂಡು ಹೋದರಂತೆ. ತೆರೆಯ ಮೇಲೆ ವಿಷ್ಣುವರ್ಧನ್ ಮುಖ ಬಂದ ಕೂಡಲೆ ಮುಂದಿನ ಸಾಲಿನವರು ಕಾಯಿ ಒಡೆದರು, ಕರ್ಪೂರ ಹಚ್ಚಿದರು. ನಗಿಸಬೇಕಾದ ಜಾಗದಲ್ಲಿ ಮೂಗು ಸೊರಗುಟ್ಟುವ ಸದ್ದು. ಹೆದರಿಸಬೇಕಾದ ಜಾಗದಲ್ಲಿ ಶಿಳ್ಳೆ. ಹಾಸ್ಯವೂ ಹೆದರಿಕೆಯೂ ಕೂಡಿದ ಸಿನಿಮಾವನ್ನು ಒಂದಿಡೀ ರಾಜ್ಯ ದುಃಖದ ಸಿನಿಮಾ ಮಾಡಿಕೊಂಡು ನೋಡಿದ್ದು ಬಹುಶಃ ಅದೊಂದೇ ಸಲ.

‘ಮೊದಲನೇದಕ್ಕೂ ಹಂಗ ಆಗಿತ್ತು,’ ಎಂದಳು ಪಕ್ಕದಾಕೆ. ಹೌದು. ಗಂಗಾ ಆಗಿ, ನಾಗವಲ್ಲಿ ಆಗಿ ‘ಆಪ್ತಮಿತ್ರ’ವನ್ನು ಹೊತ್ತ ಸೌಂದರ್ಯ 2004ರ ಏಪ್ರಿಲ್ 17ರ ವಿಮಾನ ದುರಂತದಲ್ಲಿ ಹೋಗಿಬಿಟ್ಟಿದ್ದರು. ಸಿನಿಮಾ ಬಂದಾಗ ನಾಯಕಿ ಇರಲಿಲ್ಲ, ಎರಡನೆಯದು ಬಂದಾಗ ನಾಯಕ ಇರಲಿಲ್ಲ. ಈ ಎರಡನ್ನು ಜೋಡಿಸಿ ನಾಗವಲ್ಲಿಯ ಮೇಲೆ ಹಾಕುವ ಮಾತು ಆಗಲೂ ಇತ್ತು, ಈಗಲೂ ಇದೆ. ಆಟೋದ ಹಿಂಭಾಗಕ್ಕೆ ಸಿಂಹದ ಚಿತ್ರ ಅಂಟಿಸಿಕೊಂಡ ಚಾಲಕನೊಬ್ಬ ಅದನ್ನೇ ಎತ್ತಿದ. ಮಾಸ್ತರರು ಗದರಿದರು: ‘ಮೊದಲನೇ ಸಿನಿಮಾ ಅದನ್ನ ಬ್ಯಾಡ ಅಂತ ಹೇಳಾಕ ತಗದಾರ. ನೀನು ಅದರ ಮ್ಯಾಲೇ ಹೊರಸ್ತೀಯಲ್ಲೋ.’ ಚಾಲಕ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಮನೋವೈದ್ಯನ ಸಿನಿಮಾ ನೋಡಿ ಬಂದು ಮನೆಯ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದವರು ಬೇಕಾದಷ್ಟು ಜನ ಇದ್ದಾರೆ.

ಆಟೋ ಚಾಲಕನಿಗೆ ಹಾವಿನ ಬಗ್ಗೆ ಬೇರೆಯೇ ಲೆಕ್ಕವಿತ್ತು. ‘ನಮ್ಮ ಯಜಮಾನ್ರು ಶುರು ಮಾಡಿದ್ದ ನಾಗರಹಾವಿನಿಂದ್ರೀ. ಮುಗಿಸಿದ್ದೂ ಹಾವಿನ ಕೂಡ. ಅದಕ್ಕ ಯಾರೂ ಅನಬಾರದು.’ ಅಭಿಮಾನಿಯ ಲೆಕ್ಕವಾದರೂ ಸುಳ್ಳಲ್ಲ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದದ್ದು 1972ರ ಡಿಸೆಂಬರ್ ಕೊನೆಗೆ. ನಾಯಕನಾಗಿ ವಿಷ್ಣುವರ್ಧನ್‌ಗೆ ಅದೇ ಮೊದಲು. ತ.ರಾ.ಸು. ಕಾದಂಬರಿಗಳಿಂದ ಎದ್ದು ಬಂದ ಆ ಸಿನಿಮಾದ ಹೆಸರಿನಲ್ಲಿದ್ದ ಹಾವು ನಾಯಕ ರಾಮಾಚಾರಿಯ ಸಿಟ್ಟೇ. ‘ಆಪ್ತರಕ್ಷಕ’ ವಿಷ್ಣುವರ್ಧನ್ ಅವರ 200ನೇ ಸಿನಿಮಾ ಎಂದು ಪ್ರಚಾರವಾಯಿತು, ಅದರ ಪಾತ್ರಕ್ಕೆ ತೀರಿಕೊಂಡ ಮೇಲೆ ರಾಜ್ಯ ಪ್ರಶಸ್ತಿಯೂ ಬಂತು. ಮೊದಲ ಹಾವಿಗೆ ಮೈ ಇರಲಿಲ್ಲ, ಕೊನೆಯದ್ದಕ್ಕೆ ಮೈಯೇ ಹೆಚ್ಚಾಯಿತು.

ಇಷ್ಟಕ್ಕೇ ನಿಲ್ಲಲಿಲ್ಲವಲ್ಲ. 2016ರಲ್ಲಿ ಕೋಡಿ ರಾಮಕೃಷ್ಣ ಇನ್ನೊಂದು ‘ನಾಗರಹಾವು’ ತೆಗೆದರು, ಇದರಲ್ಲಿ ರಮ್ಯಾ, ದಿಗಂತ್ ಜೊತೆಗೆ ಗ್ರಾಫಿಕ್ಸ್‌ನಲ್ಲಿ ವಿಷ್ಣುವರ್ಧನ್! ಬೇರೆಯವರ ಮೈಗೆ ಅವರ ಮುಖ ಜೋಡಿಸಿದ್ದರು. ಅದರ ಬಗ್ಗೆ ಅಂಗಡಿಯಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ‘ನೋಡಾಕ ಹೋಗೇವಿ. ಆದ್ರ ಕಣ್ಣು ಬ್ಯಾರೆ ಇದ್ದುವು,’ ಎಂದಳು ಆ ಹಿರಿಯಾಕೆ. ಚಾಲಕ ಕೂಡ ಆ ಸಿನಿಮಾದ ಪರವಾಗಿ ಬಾಯಿ ಬಿಡಲಿಲ್ಲ. ಆ ದಿನ ಕೇಳಿದ ಅಭಿಪ್ರಾಯಗಳಲ್ಲಿ ನನಗೆ ಬಹಳ ಹಿಡಿಸಿದ್ದು ಅವಳದ್ದೇ. ಹಾವು ಸುಳ್ಳಾದರೆ ನಗಬಹುದು, ಮನುಷ್ಯ ಸುಳ್ಳಾದರೆ ನಗುವುದು ಹೇಗೆ?

ಹಾವಿನ ಮೇಲೆ ಅವಳದ್ದು ಇನ್ನೊಂದು ತಕರಾರೂ ಇತ್ತು. ಪಂಚಮಿ ಮುಗಿದು ಬಹಳ ದಿನ ಆಗಿರಲಿಲ್ಲ. ಊರಲ್ಲಿ ಜೋಕಾಲಿಯ ಹಗ್ಗ ಇನ್ನೂ ಇಳಿಸಿರಲಿಲ್ಲ. ಬುತ್ತಿಗಂಟಿನಲ್ಲಿ ಶೇಂಗಾದ ಉಂಡಿ, ಎಳ್ಳಿನ ಉಂಡಿ ಉಳಿದಿದ್ದವು, ನನಗೂ ಒಂದು ಕೊಟ್ಟರು. ‘ಮನ್ನೆ ಹಾಲೆರದು ಬಂದೀವಿ. ನಮ್ಮ ಅಣ್ಣ-ತಮ್ಮನ ಹೆಸರಿಲೆ ಹಾಲೆರೀತೀವಿ ನಾವು. ಸಿನಿಮಾದವ್ರು ಅದನ್ನ ರಾಜನ ಕಾವಲಿಗೆ ಹಚ್ಚಿ ಕೆಟ್ಟದ್ದು ಮಾಡಿಬಿಟ್ರು.’ ಹಾಲೆರೆದ ಹಾವಿಗೆ ಅಂಜುವುದು ಒಂದು ಬಗೆ, ತೆರೆಯ ಮೇಲಿನ ಹಾವಿಗೆ ಅಂಜಬೇಕಾದದ್ದು ಇನ್ನೊಂದು ಬಗೆ. ಹೊಲದಲ್ಲಿ ನಾಗರ ಕಂಡರೆ ಇವರು ಚೀರುವುದಿಲ್ಲ, ಕೈ ಮುಗಿದು ದಾರಿ ಬಿಡುತ್ತಾರೆ. ದಾರಿ ಬಿಡಲು ಬರುವವರನ್ನು ಹೆದರಿಸುವುದು ಯಾವ ನಿರ್ದೇಶಕನಿಗೂ ಕಷ್ಟ.

ಅಷ್ಟರಲ್ಲಿ ಹುಬ್ಬಳ್ಳಿಯ ಹುಡುಗನಿಗೆ ತನ್ನ ಸರದಿ ಬಂತೆನಿಸಿತು. ಅವನು ನೋಡಿದ್ದು ‘ಸ್ತ್ರೀ 2’. ಎರಡನೇ ಆಟ, ಮಲ್ಟಿಪ್ಲೆಕ್ಸ್, ಗೆಳೆಯರ ದಂಡು. 2024ರ ಆಗಸ್ಟ್ 15ಕ್ಕೆ ಬಂದು, ಭಾರತದೊಳಗಿನ ಹಿಂದಿ ಗಳಿಕೆಯಲ್ಲಿ ಶಾರುಖ್ ಖಾನರ ‘ಜವಾನ್’ ಅನ್ನೂ ದಾಟಿದ ಸಿನಿಮಾ. ಮಧ್ಯಪ್ರದೇಶದ ಚಂದೇರಿ ಊರು, ರಾಜ್‌ಕುಮಾರ್ ರಾವ್, ಶ್ರದ್ಧಾ ಕಪೂರ್, ಪಂಕಜ್ ತ್ರಿಪಾಠಿ. ‘ಹಿಂದ್ಯಾಗ ದೆವ್ವದ ಸಿನಿಮಾ ಅಂದ್ರ ಇದು’ ಎಂದು ಅವನು ಹೇಳುತ್ತಿದ್ದರೆ ಮಾಸ್ತರರು ನಡುವೆಯೇ ತಡೆದರು:

‘ಹಿಂದಿಯವ್ರದ್ದು ಅಂತೀಯಲ್ಲ, ಅದು ನಮ್ಮದು. ನಾಳೆ ಬಾ!’

ಅಂಗಡಿಯಲ್ಲಿ ನಲವತ್ತು ದಾಟಿದವರೆಲ್ಲ ಒಂದೇ ಸಲಕ್ಕೆ ಮಾತಾಡತೊಡಗಿದರು. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಿಂದ ಹಿಡಿದು ಹಳ್ಳಿಗಳವರೆಗೆ ಬಾಗಿಲು-ಗೋಡೆಗಳ ಮೇಲೆ ಎದ್ದ ಬರಹ ಅದು. ಇದ್ದಿಲಿನಲ್ಲಿ, ಸುಣ್ಣದಲ್ಲಿ, ಸೀಮೆಸುಣ್ಣದಲ್ಲಿ: ನಾಳೆ ಬಾ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ಬಡಿಯುತ್ತದೆ. ಕರೆಯುವುದು ತಾಯಿಯ ದನಿಯಲ್ಲಿ, ಇಲ್ಲವೇ ಹೆಂಡತಿಯ ದನಿಯಲ್ಲಿ. ತೆಗೆದರೆ ಮುಗಿಯಿತು. ಬಾಗಿಲ ಮೇಲಿನ ಬರಹ ಓದಿದರೆ ಹಿಂದಿರುಗಿ, ಮರುದಿನ ಬಂದು ಮತ್ತೆ ಓದಿ, ಮತ್ತೆ ಹಿಂದಿರುಗುತ್ತದೆ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು ಎಂಬುದೊಂದೇ ಸಮಾಧಾನ. ಹಿಂದಿಯವರು 2018ರ ‘ಸ್ತ್ರೀ’ಯಲ್ಲಿ ಅದನ್ನು ‘ಓ ಸ್ತ್ರೀ ಕಲ್ ಆನಾ’ ಮಾಡಿಕೊಂಡರು. ಕರ್ನಾಟಕದ ಈ ಕಥೆಯಿಂದಲೇ ಸಿನಿಮಾ ಹುಟ್ಟಿತೆಂದು ಮಾಡಿದವರೇ ಹೇಳಿದ್ದಾರೆ.

‘ನಮ್ಮ ಅವ್ವ ಬರೀರಿ ಅಂತ ನನಗ ಹೇಳಿದ್ಲು,’ ಎಂದರು ಮಾಸ್ತರರು. ‘ನಾನು ಮಾಸ್ತರ ಆಗಿದ್ದೆ ಆಗ. ಸಾಲ್ಯಾಗ ಮೂಢನಂಬಿಕಿ ಪಾಠ ಮಾಡಿ ಬಂದು, ಮನಿ ಬಾಗಲಕ್ಕ ಬರದೆ. ಅಕ್ಷರ ದುಂಡಗ ಬಂದುವು.’ ಎಲ್ಲರೂ ನಕ್ಕರು, ಅವರೂ ನಕ್ಕರು.

ಅಂಜಿಸಲು ಮೈ ಬೇಡ ಎಂದ ಮಾಸ್ತರರ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೆ? ಒಂದು ದನಿ, ಒಂದು ಬಾಗಿಲು, ಎರಡು ಪದ. ಯಾರೂ ಅದನ್ನು ಕಂಡವರಿಲ್ಲ. ಆದರೂ ಊರಿಗೆ ಊರೇ ಸುಣ್ಣದ ಡಬ್ಬಿ ಹುಡುಕಿತ್ತು. ಮೊದಲ ‘ಸ್ತ್ರೀ’ ಈ ಗುಟ್ಟನ್ನು ಬಲ್ಲದು. ರಾತ್ರಿ ಹೊರಗೆ ಬೀಳಲು ಗಂಡಸರು ಹೆದರುವ ಊರನ್ನು ತೋರಿಸಿ ಅದು ನಗಿಸಿತು. ಕೊನೆಗೆ ಗೋಡೆಬರಹವೇ ಬದಲಾಗಿ, ಓ ಸ್ತ್ರೀ ಕಾಪಾಡು ಎಂದಾಯಿತು. ಎರಡನೇ ಭಾಗ ಅಲ್ಲಿಂದ ಮುಂದಕ್ಕೆ. ಕಾಪಾಡಲು ಅವಳಿದ್ದರೆ ಕಾಡಲು ಇನ್ನೊಬ್ಬ ಬೇಕಲ್ಲ? ಬಂದ ‘ಸರ್‌ಕಟಾ’, ತಲೆ ಕಡಿಸಿಕೊಂಡವನು. ರುಂಡ ಒಂದು ಕಡೆ ಹಾರುತ್ತದೆ, ಮುಂಡ ಇನ್ನೊಂದು ಕಡೆ ನಡೆಯುತ್ತದೆ, ಊರಿನ ಓದಿದ ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತದೆ. ಆ ಆಕಾರಕ್ಕೆ ಮೈಯಾಗಿ ನಿಂತವರು ಜಮ್ಮುವಿನ ಏಳಡಿ ಮೀರಿದ ಪೈಲ್ವಾನರು.

ಹುಡುಗನ ಪ್ರಕಾರ ಅದೇ ಸಿನಿಮಾದ ಜೀವ. ‘ಮೊದಲ ಸಲ ತಲಿ ಎಗರಿ ಬಂದಾಗ ಇಡೀ ಥಿಯೇಟರ್ ಚೀರಿತು.’

‘ಎರಡನೇ ಸಲ?’

‘ನಕ್ವಿ.’

‘ಮೂರನೇ ಸಲ?’

‘ಮೂರನೇ ಸಲ ಪಾಪ್‌ಕಾರ್ನ್ ತರಾಕ ಹೊರಗ ಹೋಗಿದ್ದೆ.’

ಕಡಾಯಿಯ ಮುಂದಿನಿಂದ ಕಾಕಾ ತೀರ್ಪು ಕೊಟ್ಟುಬಿಟ್ಟ. ಅಷ್ಟೂ ಹೊತ್ತು ಅವನು ಕಾದದ್ದು ಇದಕ್ಕೇ ಇರಬೇಕು. ‘ಎರಡನೇ ಭಾಗ ಅಂದ್ರ ನಮ್ಮ ಬ್ಯಾಡಗಿ ಕಾಯಿ ಇದ್ದಂಗ್ರೀ. ಬಣ್ಣ ಭಾಳ, ಖಾರ ಕಮ್ಮಿ.’ ಹೆಣ್ಣುಮಕ್ಕಳ ಗುಂಪು ಇದನ್ನು ಬಿಟ್ಟುಕೊಡಲಿಲ್ಲ. ಬಣ್ಣ ಇದ್ದದ್ದಕ್ಕೇ ಅಲ್ಲವೇ ಆ ಕಾಯಿಗೆ ಹೆಸರು, 2011ರಲ್ಲಿ ಭೌಗೋಳಿಕ ಗುರುತು ಸಿಕ್ಕದ್ದು, ಅದರ ಸತ್ವ ಹಿಂಡಿ ತುಟಿಯ ಬಣ್ಣಕ್ಕೂ ಹಾಕುವುದು? ಡಬ್ಬಿ ಕಾಯಿ ಯಾವುದು, ಕಡ್ಡಿ ಕಾಯಿ ಯಾವುದು, ಯಾವುದರ ಸಿಪ್ಪೆ ಸುಕ್ಕು, ಯಾವುದರಲ್ಲಿ ಬೀಜ ಕಡಿಮೆ ಎಂದು ಕಾಕಾನಿಗೆ ಪಾಠವಾಯಿತು. ಒಬ್ಬಾಕೆಯಂತೂ ‘ಖಾರ ಬೇಕಾದ್ರ ಗುಂಟೂರು ಕಾಯಿ ತಿನ್ನು, ಸಿನಿಮಾ ಬ್ಯಾಡಗೀದು ನೋಡು’ ಎಂದಳು. ಅಂದರೆ ಆಕೆಗೆ ಎರಡನೇ ಭಾಗಗಳೇ ಇಷ್ಟ. ರಾತ್ರಿ ನಿದ್ದೆ ಕೆಡಿಸುವ ಸಿನಿಮಾ ಯಾರಿಗೆ ಬೇಕು, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕಾದವರಿಗೆ? ಇದಕ್ಕೆ ನನ್ನ ಹತ್ತಿರವೂ ಉತ್ತರವಿಲ್ಲ. ಮಾಸ್ತರರ ಹತ್ತಿರವೂ ಇರಲಿಲ್ಲ.

‘ನಾವು ಖರೇ ಅಂಜಿದ್ದು ಅವತ್ತು,’ ಎಂದು ಅವಳೇ ಸೇರಿಸಿದಳು. 2024ರ ಮಾರ್ಚ್ 11, ಸೋಮವಾರ. ಮೆಣಸಿನಕಾಯಿಯ ದರ ಒಮ್ಮೆಗೇ ಬಿದ್ದು, ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಬಿದ್ದ ದಿನ. ಅದರ ಬಗ್ಗೆ ಹೆಚ್ಚು ಮಾತು ಬೆಳೆಯಲಿಲ್ಲ. ಬೆಳೆಸಲು ಯಾರಿಗೂ ಮನಸ್ಸಿದ್ದಂತೆ ಕಾಣಲಿಲ್ಲ.

ಮಾತು ಮತ್ತೆ ಹಳಿಗೆ ಬಂದದ್ದು ಕಂಬಳಿ ಅಜ್ಜನಿಂದ. ‘ಸ್ತ್ರೀ 2’ರ ಕೊನೆಯ ಹೊತ್ತಿಗೆ ಸರ್‌ಕಟಾನ ಎದುರು ಒಂದು ತೋಳ ಬಂದು ನಿಲ್ಲುತ್ತದೆ. 2022ರ ‘ಭೇಡಿಯಾ’ದಲ್ಲಿ ವರುಣ್ ಧವನ್ ತೋಳನಾಗುತ್ತಾನಲ್ಲ, ಅದೇ ತೋಳ. ಹುಡುಗ ಆ ಕಾದಾಟವನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿದರು. ಕುರಿ ಕಾಯ್ದ ಜೀವ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಅಂಚಿನ ಬಯಲುಗಳಲ್ಲಿ ಹಿಂಡು ಹೊಡೆದುಕೊಂಡು ತಿರುಗಿದವರು. 1974ರಲ್ಲಿ ಘೋಷಿಸಿದ ಆ ಕಾಡು ಚಿಗರೆಗಾಗಿ ಹೆಸರಾದರೂ ತೋಳಗಳ ಮನೆಯೂ ಹೌದು.

‘ಇದು ತ್ವಾಳ ಅಲ್ಲ,’ ಎಂದರು.

‘ಮತ್ತೇನಜ್ಜಾ?’

‘ತ್ವಾಳ ಯಾವಾಗರ ಎದಿ ಬಡಕೊಂಡು ಬರ್ತೈತೇನೋ? ಒಂದು ನಾಯಿ ಕಣ್ಣಿಗೆ ಬಿದ್ದು ಅತ್ತಾಗ ಓಡತೈತಿ. ನಾಯಿ ಅದರ ಬೆನ್ನು ಹತ್ತಿ ಹೋಗತೈತಿ. ಇನ್ನೊಂದು ಇತ್ತಾಗಿಂದ ಬಂದು ಮರಿ ಎತಗೊಂಡು ಹೋಗಿರತೈತಿ. ತ್ವಾಳ ಬಂತು ಅಂತ ನಿನಗ ಗೊತ್ತಾಗೂದು ಹರ್ಯಾಗ ಕುರಿ ಎಣಿಸಿದಾಗ.’

ಹುಡುಗ ಮೊಬೈಲು ಜೇಬಿಗೆ ಹಾಕಿದ. ಅಜ್ಜನ ಎರಡು ಕಥೆಗಳಲ್ಲೂ ಪ್ರಾಣಿ ಕಾಣಲೇ ಇಲ್ಲ ಎಂಬುದನ್ನು ಅವನೂ ಗಮನಿಸಿದ್ದನೋ ಏನೋ.

ಹಾಗೆಂದು ಮೈದೋರುವ ರಾಕ್ಷಸ ಈ ಸೀಮೆಗೆ ಹೊಸಬನೇನಲ್ಲ. ದೊಡ್ಡಾಟ ನೋಡಿ ಬೆಳೆದ ಜನ ಇವರು. ನಡುರಾತ್ರಿ ಪರದೆಯ ಹಿಂದೆ ಗೆಜ್ಜೆಯ ಕಾಲು ಕುಟ್ಟುತ್ತದೆ, ಪರದೆಯ ಮೇಲೆ ಕಿರೀಟದ ತುದಿ ಅಲುಗುತ್ತದೆ, ಆರ್ಭಟ ಕೇಳುತ್ತದೆ. ಮುಂದಿನ ಸಾಲಿನ ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸುತ್ತವೆ. ಪರದೆ ಸರಿಯುತ್ತದೆ. ರಾಕ್ಷಸ ಕಣ್ಣು ಕೆಂಪಗೆ ಮಾಡಿ ನಿಂತಿದ್ದಾನೆ. ಆಗ ಸಾರಥಿ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದು, ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ರಾಕ್ಷಸ ತನ್ನ ಪ್ರತಾಪವನ್ನೆಲ್ಲ ಹೇಳಿಕೊಳ್ಳಬೇಕು, ಸಾರಥಿ ಪ್ರತಿ ಮಾತಿಗೂ ಒಂದು ಕೊಂಕು ತೆಗೆಯಬೇಕು. ಸೆರಗಿನಿಂದ ಮಕ್ಕಳ ಮುಖ ಒಂದೊಂದಾಗಿ ಹೊರಗೆ ಬರುತ್ತದೆ. ಪರದೆಯ ಹಿಂದೆ ಅಂಜಿಕೆ, ಪರದೆಯ ಮುಂದೆ ನಗೆ. ಎರಡರ ನಡುವೆ ಇರುವುದು ಒಂದು ಬಟ್ಟೆ. ಅದನ್ನು ಯಾವಾಗ ಸರಿಸಬೇಕೆಂದು ದೊಡ್ಡಾಟದ ಮೇಳದವರಿಗೆ ಗೊತ್ತಿತ್ತು. ಎರಡನೇ ಭಾಗ ತೆಗೆಯುವವರು ಅದನ್ನು ಮೊದಲ ದೃಶ್ಯದಲ್ಲೇ ಹರಿದುಹಾಕುತ್ತಾರೆ ಎಂಬುದಷ್ಟೇ ನನ್ನ ತಕರಾರು.

ಅಮೆರಿಕದವರದ್ದೂ ಇದೇ ಪಾಡು. ಜೋ ಡಾಂಟೆ 1984ರಲ್ಲಿ ‘ಗ್ರೆಮ್ಲಿನ್ಸ್’ ತೆಗೆದರು. ಮುದ್ದಾದ ಒಂದು ಪ್ರಾಣಿ. ನಡುರಾತ್ರಿ ಮೀರಿದ ಮೇಲೆ ತಿನ್ನಲು ಕೊಟ್ಟರೆ ಅದರ ಮರಿಗಳು ಪಿಶಾಚಿಗಳಾಗುತ್ತವೆ. ನಗೆ, ಹೆದರಿಕೆ ಎರಡೂ ಸಮ ಬಿದ್ದವು, ದುಡ್ಡೂ ಬಿತ್ತು. 1990ರ ಎರಡನೇ ಭಾಗದಲ್ಲಿ ಪ್ರಾಣಿಗಳು ಹೆಚ್ಚಿದವು, ಒಂದಕ್ಕೆ ರೆಕ್ಕೆ ಬಂತು, ಒಂದಕ್ಕೆ ಮಾತು ಬಂತು. ಆದರೆ ಡಾಂಟೆ ಜಾಣ: ಹೆದರಿಸುವುದನ್ನು ಬಿಟ್ಟುಕೊಟ್ಟು, ತನ್ನ ಮೊದಲ ಸಿನಿಮಾವನ್ನೇ ಗೇಲಿ ಮಾಡಿದರು. ಮೊದಲಿನಷ್ಟು ಗಳಿಕೆ ಆಗಲಿಲ್ಲ. ಅದನ್ನು ಎತ್ತಿ ಆಡುವವರು ಮಾತ್ರ ಇವತ್ತಿಗೂ ಇದ್ದಾರೆ. ಮತ್ತೆ ನಮ್ಮ ಕಡೆಗೆ ಬಂದರೆ, ‘ಆಪ್ತರಕ್ಷಕ’ವನ್ನು ಪಿ. ವಾಸು 2010ರಲ್ಲೇ ವೆಂಕಟೇಶ್ ಜೊತೆ ತೆಲುಗಿನಲ್ಲಿ ‘ನಾಗವಲ್ಲಿ’ ಎಂದು ತೆಗೆದರು, 2023ರಲ್ಲಿ ತಮಿಳಿನಲ್ಲಿ ‘ಚಂದ್ರಮುಖಿ 2’ ಕೂಡ ಮಾಡಿದರು. ಎರಡನ್ನೂ ಕದರಮಂಡಲಗಿಯ ಅಂಗಡಿಯಲ್ಲಿ ಯಾರೂ ನೆನಪಿಟ್ಟಿರಲಿಲ್ಲ. ‘ಹೌಲ ಹೌಲ’ ಮಾತ್ರ ಎಳೆಯ ಮಕ್ಕಳ ಬಾಯಲ್ಲೂ ಇದೆ. ಹಾವನ್ನು ನಕ್ಕು ಕೈಬಿಟ್ಟ ಜನ ಆ ದನಿಯನ್ನು ಇಟ್ಟುಕೊಂಡಿದ್ದಾರೆ.

ಅದಕ್ಕೆ ಅಲ್ಲಿಯೇ ಒಂದು ಪುರಾವೆ ಸಿಕ್ಕಿತು. ಬ್ಯಾಡಗಿಯ ಹೆಣ್ಣುಮಕ್ಕಳ ಗುಂಪಿನ ಜೊತೆಗೆ ಬಂದಿದ್ದ ಆರೇಳು ವರ್ಷದ ಹುಡುಗಿ, ತಲೆಗೆ ಕೇಸರಿ ಟೇಪು, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಗಲ್ಲ ಮೇಲೆತ್ತಿ, ರಾಜನ ನಡಿಗೆಯಲ್ಲಿ ಅಂಗಡಿಯ ಮುಂದೆ ಒಂದು ಸುತ್ತು ಹಾಕಿತು. ‘ಹೌಲ ಹೌಲ’ ಎಂದು ಕಾಕಾನ ಮುಂದೆ ನಿಂತು ಕಣ್ಣರಳಿಸಿತು. ಕಾಕಾ ಝಾರಿ ಕೆಳಗಿಟ್ಟು ಎದೆ ಹಿಡಿದುಕೊಂಡು ‘ಅಂಜಿದ್ನೆವ್ವಾ, ಬಿಡು’ ಎಂದ. ಹುಡುಗಿಗೆ ಒಂದು ಬಜ್ಜಿ ದಕ್ಕಿತು. ಆಟೋ ಚಾಲಕನ ಕಣ್ಣು ಒದ್ದೆಯಾದದ್ದು ಎಣ್ಣೆಯ ಹೊಗೆಗೋ ಮತ್ತೊಂದಕ್ಕೋ, ಕೇಳುವುದು ಸರಿಯಲ್ಲ.

‘ಮೂರನೇದೂ ಬರ್ತೈತಂತ,’ ಎಂದ ಹುಬ್ಬಳ್ಳಿಯ ಹುಡುಗ. ‘ಸ್ತ್ರೀ 3. 2027ರ ಆಗಸ್ಟ್ 13ಕ್ಕ ಅಂತ ಮೊದಲ ಹೇಳಿಬಿಟ್ಟಾರ.’

‘ಅದರಾಗ ಏನು ಬರ್ತೈತಿ?’

‘ಗೊತ್ತಿಲ್ಲ. ದೊಡ್ಡದೇನರ ಬರ್ತೈತಿ.’

‘ದೊಡ್ಡದು ಬ್ಯಾಡ ಅಂತ ಹೇಳೋ ಅವ್ರಿಗೆ,’ ಎಂದರು ಮಾಸ್ತರರು, ಹುಡುಗನೇ ಹೋಗಿ ಮುಂಬೈಗೆ ಹೇಳಿಬರುವನೆಂಬಂತೆ.

ಹಿರಿಯಾಕೆ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದಳು. ‘ಯಾವ ವಾರ ಬೀಳತೈತಿ ಅದು?’ ಹುಡುಗ ಮೊಬೈಲು ತೆಗೆದು ನೋಡಿ, ಶುಕ್ರವಾರ ಎಂದ. ‘ಶ್ರಾವಣ ಇರತೈತೇನು?’ ಮತ್ತೆ ನೋಡಿ, ಇರುತ್ತದೆ ಎಂದ.

‘ಶ್ರಾವಣದಾಗ ಶುಕ್ರಾರ ಲಕ್ಷ್ಮೀ ಪೂಜಿ. ಶನಿವಾರ ಇಲ್ಲಿಗೆ ಬರಬೇಕು. ಸ್ವಾಮಾರ ಪ್ಯಾಟಿ,’ ಎಂದು ಅವಳು ಸೆರಗು ಕೊಡವಿ ಎದ್ದಳು. ರಸ್ತೆಯ ತಿರುವಿನಲ್ಲಿ ಬ್ಯಾಡಗಿ ಬಸ್ಸಿನ ಹಾರ್ನು ಕೇಳಿತು. ‘ರವಿವಾರ ನೋಡೂಣು. ತಮ್ಮಾ, ನಾಕು ಟಿಕೀಟು ತಗಸಿ ಇಡು. ಮಾಸ್ತರ್ರಿಗೆ ಬ್ಯಾಡ, ಅವ್ರು ಟೀವ್ಯಾಗ ನೋಡ್ತಾರ.’